ಪುಕ್ಕಟೆ ಬಾಗಿಲಿಗೆ ಕೊಂಡ ಪಾಸು

ಪಾಸು ಅಂದರೆ ನನಗೆ ಮೊದಲು ನೆನಪಾಗುವುದು ಬಸ್ ಪಾಸು. ಅಂಚೆ ಚೀಟಿಯಷ್ಟು ಫೋಟೊ, ಅದರ ಅರ್ಧಕ್ಕೆ ಬಿದ್ದ ರಬ್ಬರ್ ಮೊಹರು, ಹೆಡ್ಮಾಸ್ಟರ ಹಸಿರು ಸಹಿ. ಹೈಸ್ಕೂಲಿನಿಂದ ಎಂ.ಎ.ವರೆಗೆ ಅದಿಲ್ಲದೆ ನಾನು ಮನೆಯಿಂದ ಹೊರಟದ್ದೇ ಇಲ್ಲ. ಹಾಗಾಗಿ ಎರಡು ವರ್ಷದ ಹಿಂದೆ ಲಂಡನ್ನಿನಲ್ಲಿ ಮೂರು ವಾರ ಇದ್ದು ಕಂಪನಿ ಕಾಲದ ಮೈಸೂರಿನ ಕಡತಗಳನ್ನು ಓದಲು ಒಂದು ಪುಟ್ಟ ಅನುದಾನ ಸಿಕ್ಕಾಗ ನಾನು ಮಾಡಿದ ಮೊದಲ ಕೆಲಸವೂ ಒಂದು ಪಾಸು ಕೊಂಡದ್ದೇ. ಮೂರು ದಿನದ ಪಾಸು, ಊರಿನ ಹತ್ತಾರು ನೋಡುವ ಜಾಗಗಳಿಗೆ ಪ್ರವೇಶ, ಬಿಡಿ ಟಿಕೆಟ್ಟಿಗಿಂತ ಅರ್ಧಕ್ಕರ್ಧ ಉಳಿತಾಯ ಎಂದು ಬರೆದಿತ್ತು. ನನ್ನ ಹಾಸ್ಟೆಲಿನ ಎರಡು ತಿಂಗಳ ಮೆಸ್ ಬಿಲ್ಲಿಗಿಂತ ಹೆಚ್ಚೇ ಆಯಿತು. ಜಾಹೀರಾತಿನ ಮೇಲೆ ಬ್ರಿಟಿಷ್ ಮ್ಯೂಸಿಯಂನ ಕಂಬಗಳ ಚಿತ್ರ ದೊಡ್ಡದಾಗಿತ್ತು. ಚಿತ್ರ ನೋಡಿದೆ, ಕೆಳಗಿನ ಪಟ್ಟಿಯನ್ನು ಸರಿಯಾಗಿ ಓದಲಿಲ್ಲ.

ಅಲ್ಲಿಗೆ ಹೋಗಿ ಬ್ಯಾಗು ತಪಾಸಣೆಯ ಸಾಲಿನಲ್ಲಿ ನಿಂತು, ಪಾಸನ್ನು ಕೈಯಲ್ಲಿ ಹಿಡಿದು ಮುಂದೆ ಮುಂದೆ ಹೋದೆ. ಯಾರೂ ಕೇಳಲಿಲ್ಲ. ಕೊನೆಗೆ ನಾನೇ ಒಬ್ಬರ ಮುಂದೆ ಹಿಡಿದೆ. ಆತ ನಗುತ್ತ, ಇದು ಬೇಡಮ್ಮ, ಇಲ್ಲಿ ಯಾರಿಗೂ ಟಿಕೆಟ್ಟಿಲ್ಲ ಎಂಬರ್ಥದಲ್ಲಿ ಒಳಗೆ ಕೈ ತೋರಿಸಿದ. ನಾನು ನೋಡಬೇಕೆಂದು ಗುರುತು ಹಾಕಿಕೊಂಡಿದ್ದ ಬ್ರಿಟಿಷ್ ಮ್ಯೂಸಿಯಂ, ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್, ಸೈನ್ಸ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಎಲ್ಲವೂ ಪುಕ್ಕಟೆ. ವಿಶೇಷ ಪ್ರದರ್ಶನಕ್ಕೆ ಮಾತ್ರ ದುಡ್ಡು.

ಪೇಚಿಗೆ ಸಿಕ್ಕ ಸಂಶೋಧನಾ ವಿದ್ಯಾರ್ಥಿಗೆ ಉಳಿಯುವ ಸಮಾಧಾನ ಒಂದೇ, ಅದರ ಚರಿತ್ರೆ ಹುಡುಕುವುದು. ಈ ಬಾಗಿಲು ಯಾವಾಗಿನಿಂದ ಪುಕ್ಕಟೆ? ಯಾರು ಮಾಡಿದರು? ಹುಡುಕುತ್ತ ಹೋದರೆ, ಪುಕ್ಕಟೆಯಾಗಿದ್ದ ಕಾಲದಲ್ಲೇ ಆ ಬಾಗಿಲು ಎಲ್ಲಕ್ಕಿಂತ ಬಿಗಿಯಾಗಿತ್ತು ಎಂದು ಗೊತ್ತಾಯಿತು.

ಸರ್ ಹಾನ್ಸ್ ಸ್ಲೋನ್ ಎಂಬ ಸಿರಿವಂತ ವೈದ್ಯ 1753ರಲ್ಲಿ ಸತ್ತಾಗ ಅವನ ಬಳಿ 71,000ಕ್ಕೂ ಹೆಚ್ಚು ವಸ್ತುಗಳಿದ್ದವು. ಪುಸ್ತಕ, ನಾಣ್ಯ, ಒಣಗಿಸಿದ ಗಿಡ, ಕಲ್ಲು, ಎಲುಬು. ಅವನ ಸಂಪತ್ತಿನಲ್ಲಿ ಜಮೈಕಾದ ಗುಲಾಮರ ದುಡಿಮೆಯ ಕಬ್ಬಿನ ತೋಟಗಳ ಪಾಲೂ ಇತ್ತು. ಹೆಣ್ಣುಮಕ್ಕಳಿಗೆ 20,000 ಪೌಂಡ್ ಕೊಟ್ಟರೆ ಇದೆಲ್ಲ ದೇಶಕ್ಕೆ ಎಂದು ಉಯಿಲು ಬರೆದಿದ್ದ. ಖಜಾನೆಯಿಂದ ಕೊಡಲು ಯಾರಿಗೂ ಮನಸ್ಸಿಲ್ಲ. ಪಾರ್ಲಿಮೆಂಟು ಲಾಟರಿ ಮಾಡಿತು. ತಲಾ 3 ಪೌಂಡಿನ ಒಂದು ಲಕ್ಷ ಚೀಟಿಗಳು. ಪೀಟರ್ ಲೆಹೂಪ್ ಎಂಬ ಅಧಿಕಾರಿ ಸುಳ್ಳು ಹೆಸರುಗಳಲ್ಲಿ ಚೀಟಿಗಳ ಕಟ್ಟನ್ನೇ ಒಳಗಿಂದೊಳಗೆ ಸಾಗಿಸಿ, ಬೆಲೆ ಏರಿಸಿ ಮಾರಿಸಿದ. ಆಮೇಲೆ ಸಿಕ್ಕಿಬಿದ್ದು 1,000 ಪೌಂಡ್ ದಂಡ ಕಟ್ಟಿದ. ಬಹುಮಾನ, ಖರ್ಚು ಕಳೆದು ಸುಮಾರು 95,000 ಪೌಂಡ್ ಉಳಿಯಿತು. ಜಗತ್ತಿನ ಆ ದೊಡ್ಡ ಮ್ಯೂಸಿಯಂ ಹುಟ್ಟಿದ್ದು ಬ್ಲ್ಯಾಕಿನಲ್ಲಿ ಮಾರಿದ ಚೀಟಿಯಿಂದ ಎಂದರೆ ಅತಿಯಾಯಿತೇನೋ. ಆದರೆ ಸುಳ್ಳಲ್ಲ.

1759ರ ಜನವರಿ 15ರಂದು ಬಾಗಿಲು ತೆರೆಯಿತು. ವಿದ್ಯಾಸಕ್ತರಿಗೂ ಕುತೂಹಲಿಗಳಿಗೂ ಹಣವಿಲ್ಲದೆ ಪ್ರವೇಶ ಎಂಬುದು ನಿಯಮ. ಹಣವಿಲ್ಲ, ನಿಜ. ಆದರೆ ಟಿಕೆಟ್ ಬೇಕು. ಟಿಕೆಟ್ ಬೇಕಾದರೆ ಮೊದಲು ಹೋಗಿ ಬಾಗಿಲ ಕಾವಲುಗಾರನ ಪುಸ್ತಕದಲ್ಲಿ ಹೆಸರು, ವಿಳಾಸ, ತನ್ನ ಸ್ಥಿತಿಗತಿ ಬರೆಸಬೇಕು. ಆ ಪಟ್ಟಿ ಮೇಲಿನವರ ಕಣ್ಣಿಗೆ ಬಿದ್ದು ಒಪ್ಪಿಗೆಯಾಗಬೇಕು. ಮತ್ತೊಮ್ಮೆ ಹೋಗಿ ಟಿಕೆಟ್ ತರಬೇಕು. ಮಗದೊಮ್ಮೆ ಅದರಲ್ಲಿ ಬರೆದ ದಿನ, ಬರೆದ ಗಂಟೆಗೆ ಹಾಜರಾಗಬೇಕು. ಒಂದು ಸಲಕ್ಕೆ ಬೆರಳೆಣಿಕೆಯ ಮಂದಿಯ ಗುಂಪು, ಜೊತೆಗೊಬ್ಬ ಸಿಬ್ಬಂದಿ. ದಿನಗೂಲಿಯವನು ಈ ಓಡಾಟಕ್ಕೆ ಎಷ್ಟು ದಿನದ ಕೂಲಿ ಬಿಡಬೇಕಿತ್ತು ಎಂದು ಲೆಕ್ಕ ಹಾಕಿದರೆ ಸಾಕು, ಪುಕ್ಕಟೆಯ ಬೆಲೆ ತಿಳಿಯುತ್ತದೆ. ನಮ್ಮ ಹಳೆಯ ದಫ್ತರಗಳ ಕನ್ನಡದಲ್ಲಿ ಇಂಥ ಕಾಗದಕ್ಕೆ ರಹದಾರಿ ಎಂಬ ಮಾತಿತ್ತು. ದಾರಿ ಬಿಡುವುದಷ್ಟೇ ಅದರ ಕೆಲಸವಲ್ಲ, ಯಾರಿಗೆ ಬಿಡಬಾರದೆಂದು ತೀರ್ಮಾನಿಸುವುದೂ ಅದರ ಕೆಲಸವೇ.

ಈ ಕಾಲದ ಒಬ್ಬ ನೋಡುಗ ನನಗೆ ತುಂಬ ಇಷ್ಟ. ವಿಲಿಯಂ ಹಟನ್, ಬರ್ಮಿಂಗ್‌ಹ್ಯಾಮಿನ ಪುಸ್ತಕ, ಕಾಗದದ ವ್ಯಾಪಾರಿ. ಏಳನೇ ವಯಸ್ಸಿಗೆ ಡರ್ಬಿಯ ರೇಷ್ಮೆ ಗಿರಣಿಯಲ್ಲಿ ದುಡಿಯಲು ಸೇರಿದವನು. ಓದು, ಬೈಂಡಿಂಗ್ ಎಲ್ಲ ತಾನೇ ಕಲಿತದ್ದು. ಬೈಂಡಿಂಗ್ ಸಲಕರಣೆ ಕೊಳ್ಳಲು ಒಮ್ಮೆ ನಾಟಿಂಗ್‌ಹ್ಯಾಮಿನಿಂದ ಲಂಡನ್ನಿಗೆ ನಡೆದೇ ಹೋಗಿದ್ದನಂತೆ. 1784ರಲ್ಲಿ, ಅರವತ್ತು ದಾಟಿದ ಮೇಲೆ, ಮ್ಯೂಸಿಯಂ ನೋಡುವ ಆಸೆಯಿಂದ ಮತ್ತೆ ಲಂಡನ್ನಿನಲ್ಲಿದ್ದ. ಅರ್ಜಿ ಹಾಕಿ ಕಾಯಲು ಸಮಯವಿಲ್ಲ. ಟಿಕೆಟ್ ಇದ್ದ ಒಬ್ಬನಿಂದ ಎರಡು ಶಿಲ್ಲಿಂಗಿಗೆ ತುಸು ಕಡಿಮೆಗೆ ಕೊಂಡ. ಪುಕ್ಕಟೆ ಟಿಕೆಟ್ಟಿಗೆ ಕಾಳಸಂತೆ ಹುಟ್ಟಿಯಾಗಿತ್ತು!

ಒಳಗೆ ಆದದ್ದನ್ನು ಅವನು ಮರುವರ್ಷ ಅಚ್ಚಾದ ತನ್ನ ಪ್ರವಾಸ ಕಥನದಲ್ಲಿ ಬರೆದಿದ್ದಾನೆ. ಹತ್ತು ಜನರ ಗುಂಪು. ಮುಂದೆ ಒಬ್ಬ ಸಿಬ್ಬಂದಿ ದಾಪುಗಾಲು ಹಾಕುತ್ತಿದ್ದಾನೆ. ಹಟನ್ ಏನೋ ಕೇಳಿದರೆ, ಎಲ್ಲವನ್ನೂ ಹೇಳುತ್ತ ಕೂರಲಾಗುತ್ತದೆಯೇ ಎಂದು ಗದರಿದ. ಆಮೇಲೆ ಎಲ್ಲರೂ ಪಿಸುಮಾತಿನಲ್ಲೇ. ಸುಮಾರು ಅರ್ಧ ಗಂಟೆಯಲ್ಲಿ ಹೊರಗೆ. ಒಂದನ್ನು ನೋಡುತ್ತ ನಿಂತರೆ ಇನ್ನೊಂದು ತಪ್ಪುತ್ತದೆ, ಏನು ನೋಡಿದೆನೋ ಅದು ಏನೆಂದು ಹೇಳುವವರಿಲ್ಲ ಎಂಬುದು ಅವನ ಸಂಕಟ. ಬಡತನದಿಂದ ಮೇಲೆದ್ದು ಬಂದ ಮುದುಕನೊಬ್ಬ ಜೀವಮಾನದ ಆಸೆ ಹೊತ್ತು ಹೋಗಿ ಅವಮಾನ ತಂದುಕೊಂಡ ಕಥೆ ಅದು. ಅದನ್ನು ಓದಿದ ದಿನ ನನಗೆ ರಾತ್ರಿ ಊಟ ರುಚಿಸಲಿಲ್ಲ. ಅಷ್ಟು ಹೊತ್ತಿಗೆ ನನ್ನ ಪಾಸಿನ ಮೂರು ದಿನಗಳೂ ಮುಗಿದಿದ್ದವು.

ಆ ಮೂರು ದಿನ ನಾನು ಮಾಡಿದ್ದೂ ಹಟನ್‌ನ ಓಟವೇ. ಕೊಟ್ಟ ದುಡ್ಡು ಹುಟ್ಟಿಸಬೇಕಲ್ಲ! ಟವರ್ ಆಫ್ ಲಂಡನ್ ಒಂದಕ್ಕೇ ಬಿಡಿ ಟಿಕೆಟ್ ಮೂವತ್ತು ಪೌಂಡಿಗಿಂತ ಹೆಚ್ಚು, ಆದ್ದರಿಂದ ಅದು ಮೊದಲು. ಅಲ್ಲಿಂದ ಒಂದು ಸೇತುವೆ, ಒಂದು ಅರಮನೆ, ಒಂದು ದೋಣಿ. ಮಧ್ಯಾಹ್ನದ ಬನ್ನನ್ನು ನಡೆಯುತ್ತಲೇ ತಿಂದೆ. ಟವರಿನಲ್ಲಿ ರಾಜಮುಕುಟಗಳ ಎದುರು ನೆಲವೇ ಚಲಿಸುವ ಪಟ್ಟಿ ಇದೆ. ನಿಂತರೂ ಅದು ನಿಮ್ಮನ್ನು ಮುಂದಕ್ಕೆ ಒಯ್ಯುತ್ತದೆ. ಕೊಹಿನೂರು ಕೂತ ಕಿರೀಟದ ಮುಂದೆ ನಾನು ಕೆಲವೇ ಸೆಕೆಂಡು ತೇಲಿಹೋದೆ. ದಾಪುಗಾಲಿನ ಆ ಸಿಬ್ಬಂದಿಯ ಕೆಲಸವನ್ನು ಈಗ ಯಂತ್ರ ಮಾಡುತ್ತದೆ.

ಹಟನ್ ಕಾಲದ ಟಿಕೆಟ್ ಪದ್ಧತಿ ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಸಡಿಲವಾಯಿತು. ಆದರೆ ಸಾಮಾನ್ಯರು ಬಿಡುವಾಗಿರುವ ಹಬ್ಬದ ದಿನಗಳಲ್ಲೇ ಬಾಗಿಲು ಮುಚ್ಚಿರುತ್ತಿತ್ತು. 1835ರಲ್ಲಿ ಪಾರ್ಲಿಮೆಂಟಿನ ಸಮಿತಿ ಇದನ್ನು ಪ್ರಶ್ನಿಸಿದಾಗ ಮ್ಯೂಸಿಯಂನ ಮುಖ್ಯ ಗ್ರಂಥಪಾಲ ಸರ್ ಹೆನ್ರಿ ಎಲ್ಲಿಸ್ ಕೊಟ್ಟ ಉತ್ತರದ ಸಾರ ಇಷ್ಟು: ರಜೆಯಲ್ಲಿ ತೆರೆದರೆ ಕೀಳು ಜನ, ಹಡಗುಕಟ್ಟೆಯ ನಾವಿಕರು ಹುಡುಗಿಯರನ್ನು ಕಟ್ಟಿಕೊಂಡು ಬಂದುಬಿಡುತ್ತಾರೆ, ಮರ್ಯಾದಸ್ಥರಿಗೆ ಕಷ್ಟ. 1837ರ ಈಸ್ಟರ್ ಸೋಮವಾರ ಕೊನೆಗೂ ತೆರೆದರು. ಒಂದೇ ದಿನ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬಂದರು. ಏನೂ ಒಡೆಯಲಿಲ್ಲ. ಭಾನುವಾರ ತೆರೆಯಲು ಮಾತ್ರ 1896ರವರೆಗೆ ಕಾಯಬೇಕಾಯಿತು.

ಇಷ್ಟರಲ್ಲಿ ಲಂಡನ್ನಿನ ಇನ್ನೊಂದು ಮೂಲೆಯಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ, ನಮ್ಮ ಕಡೆಯ ವಸ್ತುವೊಂದು ಜನರನ್ನು ಸೆಳೆಯುತ್ತಿತ್ತು. ಟಿಪ್ಪುವಿನ ಹುಲಿ. ಬಿಳಿಯ ಸಿಪಾಯಿಯ ಮೇಲೆ ಕೂತು ಕುತ್ತಿಗೆಗೆ ಬಾಯಿ ಹಾಕಿದ ಮರದ ಹುಲಿ, ಹೊಟ್ಟೆಯೊಳಗೆ ಸಣ್ಣ ಆರ್ಗನ್. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಲೂಟಿಯಾದದ್ದು. 1808ರಿಂದ ಲೆಡನ್‌ಹಾಲ್ ಬೀದಿಯ ಕಂಪನಿ ಕಚೇರಿಯ ಗ್ರಂಥಾಲಯದಲ್ಲಿ ನೋಡಲು ಇಟ್ಟರು. ಪಕ್ಕದ ಹಿಡಿಕೆ ತಿರುಗಿಸಿದರೆ ಸಿಪಾಯಿಯ ಕೈ ಮೇಲೇಳುತ್ತಿತ್ತು, ಅವನ ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತಿದ್ದವು. ಬಂದವರೆಲ್ಲ ತಿರುಗಿಸಿದ್ದೇ ತಿರುಗಿಸಿದ್ದು. ಪಕ್ಕದಲ್ಲಿ ಕೂತು ಸಂಸ್ಕೃತವೋ ಪಾರಸಿಯೋ ಓದುತ್ತಿದ್ದ ವಿದ್ವಾಂಸರಿಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೊಂದು ದಿನ ಆ ಹಿಡಿಕೆಯೇ ಕಾಣೆಯಾಯಿತು. ಓದುವವರು ನಿಟ್ಟುಸಿರುಬಿಟ್ಟರು ಎಂದು ಆ ಕಾಲದ ಪತ್ರಿಕೆ ಬರೆದಿದೆ. ನಾನೂ ಓದುವ ಕೋಣೆಯ ಗಿರಾಕಿಯೇ. ಆದರೂ ಈ ಜಗಳದಲ್ಲಿ ನನ್ನ ಮತ ಹಿಡಿಕೆ ತಿರುಗಿಸಿದವರಿಗೆ.

ಈಗಿನ ರಿಯಾಯಿತಿ ಪಾಸಿನ ಅಜ್ಜಿ ಎನ್ನಬಹುದಾದ್ದು 1851ರ ಮಹಾ ಪ್ರದರ್ಶನದಲ್ಲಿ ಸಿಗುತ್ತದೆ. ಹೈಡ್ ಪಾರ್ಕಿನ ಗಾಜಿನ ಅರಮನೆಗೆ ಹೋಗಲು ಮೊದಲು ಬಂದದ್ದು ಸೀಸನ್ ಟಿಕೆಟ್, ಗಂಡಸರಿಗೆ 3 ಗಿನ್ನಿ, ಹೆಂಗಸರಿಗೆ 2. ಒಮ್ಮೆ ಕೊಂಡರೆ ಎಷ್ಟು ಸಲವಾದರೂ ಹೋಗಬಹುದು. ಅದು ಉಳ್ಳವರ ಪಾಸು. ಮೇ 26ರಿಂದ ಸೋಮವಾರದಿಂದ ಗುರುವಾರದವರೆಗೆ ಒಂದು ಶಿಲ್ಲಿಂಗ್, ಶುಕ್ರವಾರ ಎರಡೂವರೆ, ಶನಿವಾರ ಐದು. ಯಾವ ದಿನ ಹೋದಿರಿ ಎಂಬುದರಲ್ಲೇ ನಿಮ್ಮ ವರ್ಗ ತಿಳಿಯುತ್ತಿತ್ತು. ಶಿಲ್ಲಿಂಗಿನ ದಿನಗಳಲ್ಲಿ ದೊಂಬಿಯಾಗುತ್ತದೆ ಎಂದು ಹೆದರಿದವರು ಬಹಳ. ದೊಂಬಿಯೇನೂ ಆಗಲಿಲ್ಲ. ಕೊನೆಯ ವಾರದ ಒಂದು ದಿನ ಒಂದು ಲಕ್ಷಕ್ಕೂ ಹೆಚ್ಚು ಜನ ಬಂದರು. ಐದೂವರೆ ತಿಂಗಳಲ್ಲಿ ಒಟ್ಟು ಅರವತ್ತು ಲಕ್ಷ ಪ್ರವೇಶ. ಕೊಹಿನೂರು ಅಲ್ಲೂ ಇತ್ತು, ಪಂಜರದೊಳಗೆ. ಹೊಳೆಯುವುದೇ ಇಲ್ಲವಲ್ಲ ಎಂದು ಶಿಲ್ಲಿಂಗ್ ಕೊಟ್ಟವರೂ ಗಿನ್ನಿ ಕೊಟ್ಟವರೂ ಸಮಾನವಾಗಿ ಗೊಣಗಿದರು. ಮರುವರ್ಷವೇ ಅದನ್ನು ಮತ್ತೆ ಸಾಣೆ ಹಿಡಿಸಿದರು.

ಊರುಗಳ ಕಾರ್ಮಿಕರು ಬಂದದ್ದು ಹೇಗೆ ಎಂಬುದು ಇನ್ನೂ ರಸವತ್ತಾದ ವಿಷಯ. ವಾರವಾರ ಚೂರುಚೂರು ಕಟ್ಟುವ ಕ್ಲಬ್ಬುಗಳಾದವು, ಥೇಟ್ ನಮ್ಮ ಚೀಟಿ ವ್ಯವಹಾರದಂತೆ. ಥಾಮಸ್ ಕುಕ್ ಇಂಥ ಕ್ಲಬ್ಬುಗಳನ್ನು ಬೆಳೆಸಿ, ಅಗ್ಗದ ರೈಲುಗಳಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಲಂಡನ್ನಿಗೆ ತಂದ. ಬಾಗಿಲಿನ ಬೆಲೆ ಒಂದು ಶಿಲ್ಲಿಂಗ್ ಮಾತ್ರ. ಊರಿನಿಂದ ಬಾಗಿಲವರೆಗಿನ ಬೆಲೆಯೇ ದೊಡ್ಡದು. ಅದನ್ನು ಇಳಿಸದೆ ಟಿಕೆಟ್ ಮಾತ್ರ ಇಳಿಸಿದರೆ ಏನೂ ಆಗದು ಎಂದು ಕುಕ್‌ಗೆ ಗೊತ್ತಿತ್ತು.

ಪ್ರದರ್ಶನದಲ್ಲಿ ಉಳಿದ 1,86,000 ಪೌಂಡಿನಿಂದ ಸೌತ್ ಕೆನ್ಸಿಂಗ್‌ಟನ್ನಿನ ಜಮೀನು ಕೊಂಡರು. ಈಗಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಬೆಳೆದದ್ದು ಅಲ್ಲೇ. 1857ರಲ್ಲಿ ತೆರೆದಾಗ ಅದರ ಮುಖ್ಯಸ್ಥ ಹೆನ್ರಿ ಕೋಲ್ ವಾರವನ್ನು ಎರಡು ಭಾಗ ಮಾಡಿದ. ಸೋಮವಾರ, ಮಂಗಳವಾರ, ಶನಿವಾರ ಪುಕ್ಕಟೆ. ಉಳಿದ ಮೂರು ದಿನ ಆರು ಪೆನ್ಸ್, ಅವಕ್ಕೆ ವಿದ್ಯಾರ್ಥಿ ದಿನ ಎಂದು ಹೆಸರು. ಜನಜಂಗುಳಿ ತಪ್ಪಿಸಿ ಕೂತು ಚಿತ್ರ ಬರೆಯುವವರಿಗೆ ನೆಮ್ಮದಿ ಬೇಕೆಂದು ಉಳಿದವರಿಂದ ಶುಲ್ಕ! ಆದರೆ ಕೋಲ್‌ನ ಒಂದು ಏರ್ಪಾಡಿಗೆ ತಲೆಬಾಗಲೇಬೇಕು. ಗ್ಯಾಸ್ ದೀಪ ಹಾಕಿಸಿ ಸಂಜೆಯ ಹೊತ್ತು ತೆರೆದಿಟ್ಟ. ಗಿರಣಿಯಿಂದ, ಅಂಗಡಿಯಿಂದ ಬಿಡುಗಡೆಯಾದವರು ಹೆಂಡತಿ ಮಕ್ಕಳ ಜೊತೆ ಬರಲೆಂದು. ದುಡ್ಡಲ್ಲದೆ ಹೊತ್ತೂ ಒಂದು ಬೆಲೆ ಎಂದು ಅರ್ಥಮಾಡಿಕೊಂಡವರು ಅಂದು ತೀರಾ ಕಡಿಮೆ. ಕಂಪನಿ ಮುಳುಗಿದ ಮೇಲೆ ಅಲ್ಲಿ ಇಲ್ಲಿ ಅಲೆದ ಟಿಪ್ಪುವಿನ ಹುಲಿ 1880ರಲ್ಲಿ ಈ ಮ್ಯೂಸಿಯಂನ ಪಾಲಾಯಿತು.

ಇಷ್ಟಾದರೂ ಪುಕ್ಕಟೆ ಎಂಬುದು ಶಾಶ್ವತವಾಗಿರಲಿಲ್ಲ. 1974ರ ಜನವರಿಯಲ್ಲಿ ಎಡ್ವರ್ಡ್ ಹೀತ್ ಸರ್ಕಾರ ರಾಷ್ಟ್ರೀಯ ಮ್ಯೂಸಿಯಂಗಳಿಗೆಲ್ಲ ಶುಲ್ಕ ಹಾಕಿತು. ಆಗ ಇಲಾಖೆಯ ಸಚಿವೆ ಮಾರ್ಗರೆಟ್ ಥ್ಯಾಚರ್. ಫೆಬ್ರವರಿಯ ಚುನಾವಣೆಯಲ್ಲಿ ಸರ್ಕಾರ ಹೋಯಿತು, ಮೂರೇ ತಿಂಗಳಲ್ಲಿ ಶುಲ್ಕವೂ ಹೋಯಿತು. ಎಂಬತ್ತರ ದಶಕದಲ್ಲಿ ಅನುದಾನ ಸಾಲದೆ ಅದು ಹಿಂಬಾಗಿಲಿನಿಂದ ಬಂತು. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ 1987ರಲ್ಲಿ, ಸೈನ್ಸ್ ಮ್ಯೂಸಿಯಂ 1988ರಲ್ಲಿ ಟಿಕೆಟ್ ಶುರುಮಾಡಿದವು. ಹುಲಿ ಇದ್ದ ಮ್ಯೂಸಿಯಂ 1985ರಿಂದ ಬಾಗಿಲಲ್ಲೇ ಕಾಣಿಕೆ ಕೇಳುತ್ತಿತ್ತು, 1996ರಲ್ಲಿ ಶುಲ್ಕವನ್ನೇ ಮಾಡಿತು. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ ಹಟ ಹಿಡಿದು ಪುಕ್ಕಟೆಯೇ ಉಳಿದವು. ಅದಕ್ಕೆ ದಂಡವನ್ನೂ ತೆತ್ತವು. ಟಿಕೆಟ್ ಮಾರದ ಸಂಸ್ಥೆಗೆ ಕಟ್ಟಿದ ವ್ಯಾಟ್ ತೆರಿಗೆ ವಾಪಸಾಗುತ್ತಿರಲಿಲ್ಲ. 2001ರಲ್ಲಿ ಈ ತೆರಿಗೆ ನಿಯಮ ತಿದ್ದಿದ ಮೇಲೆಯೇ ಆ ಡಿಸೆಂಬರಿನಿಂದ ಎಲ್ಲ ರಾಷ್ಟ್ರೀಯ ಮ್ಯೂಸಿಯಂಗಳೂ ಪುಕ್ಕಟೆಯಾದದ್ದು.

ಮೊದಲ ವರ್ಷ, ಹಿಂದೆ ಶುಲ್ಕವಿದ್ದ ಕಡೆ ಭೇಟಿಗಳು ಸುಮಾರು ಶೇಕಡ 70ರಷ್ಟು ಏರಿದವು. ಇಲ್ಲಿಗೆ ಕಥೆ ಸುಖಾಂತ್ಯವಾಗಬೇಕಿತ್ತು. ಆದರೆ ಬಂದವರು ಯಾರು ಎಂದು ಸಮೀಕ್ಷೆ ಮಾಡಿದಾಗ, ಮುಂಚೆ ಯಾವ ವರ್ಗದವರು ಬರುತ್ತಿದ್ದರೋ ಹೆಚ್ಚಾಗಿ ಅವರೇ ಇನ್ನಷ್ಟು ಸಲ ಬಂದಿದ್ದರು. ಬಡವರೂ ಹೆಚ್ಚಿದ್ದರು, ಆದರೆ ಅನುಪಾತ ಬದಲಾದದ್ದು ಕಡಿಮೆ. ಪುಕ್ಕಟೆ ಬೇಡ ಎನ್ನುವವರು ಇದನ್ನೇ ಎತ್ತಿ ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹಿಡಿದು ನಮ್ಮವ್ವ ಮೊದಲ ತಿಂಗಳು ಹೋದದ್ದು ಯಾವಾಗಲೂ ಹೋಗುತ್ತಿದ್ದ ಮಂಡ್ಯ ಸಂತೆಗೇ. ಆರು ತಿಂಗಳಾದ ಮೇಲೆ ಒಬ್ಬಳೇ ಧರ್ಮಸ್ಥಳಕ್ಕೆ ಹೋಗಿಬಂದಳು. ಬಾಗಿಲು ತೆರೆದ ಮರುದಿನವೇ ಯಾರೂ ಹೊಸ ದಾರಿ ಹಿಡಿಯುವುದಿಲ್ಲ.

ಹಾಗಾದರೆ ಪಾಸು ಕೊಳ್ಳಲೇಬಾರದೇ ಎಂದು ಸ್ನೇಹಿತರು ಕೇಳುತ್ತಾರೆ. ಊರು ನೋಡಿ ಕೊಳ್ಳಿ ಎನ್ನುತ್ತೇನೆ. ಪ್ಯಾರಿಸ್ಸಿನಲ್ಲಿ ದೊಡ್ಡ ಮ್ಯೂಸಿಯಂಗಳಿಗೆ ಟಿಕೆಟ್ ಇದೆ, 48, 96, 144 ಗಂಟೆಗಳ ಪಾಸಿನಿಂದ ಉಳಿತಾಯವೂ ಇದೆ. ಆದರೆ ಗಂಟೆಗಳಲ್ಲಿ ಅಳೆಯುವ ಪಾಸು ನಿಮ್ಮನ್ನು ಹಟನ್‌ನ ಗುಂಪಿಗೆ ಸೇರಿಸುತ್ತದೆ. ನೆದರ್ಲೆಂಡ್ಸಿನಲ್ಲಿ 1981ರಿಂದ ಇರುವ ಮ್ಯೂಸಿಯಂ ಕಾರ್ಡಿನ ಗುಣವೇ ಬೇರೆ. ವರ್ಷಕ್ಕೊಮ್ಮೆ ಕಟ್ಟಿದರೆ ದೇಶದ ನಾನ್ನೂರಕ್ಕೂ ಹೆಚ್ಚು ಮ್ಯೂಸಿಯಂಗಳು ತೆರೆಯುತ್ತವೆ. ನಾಲ್ಕೈದು ಕಡೆ ಹೋದರೆ ಕೊಟ್ಟದ್ದು ಹುಟ್ಟುತ್ತದೆ. ಆಮೇಲೆ ಒಂದು ಚಿತ್ರ ನೋಡಲೆಂದೇ ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಬರಬಹುದು. 3 ಗಿನ್ನಿಯ ಸೀಸನ್ ಟಿಕೆಟ್ಟಿನ ಸುಖ ಎಲ್ಲರಿಗೂ ಎಟುಕುವಂತಾದದ್ದು ಅಲ್ಲಿ. ಎಲ್ಲರಿಗೂ ಎಂದರೆ ಅಲ್ಲಿ ನೆಲೆಸಿದವರಿಗೆ. ನಮ್ಮಂಥವರಿಗೆ ಸಿಗುವುದು ತಾತ್ಕಾಲಿಕ ಕಾರ್ಡು, ಒಂದು ತಿಂಗಳು, ಐದು ಭೇಟಿ. ಅಲ್ಲೂ ಕಾವಲುಗಾರನ ಪುಸ್ತಕದಲ್ಲಿ ವಿಳಾಸ ಬರೆಸಬೇಕು ಅಂತಾಯಿತು.

ಲಂಡನ್ನಿನ ಉಳಿದ ಎರಡೂವರೆ ವಾರ ನಾನು ಹುಲಿಯನ್ನು ನಾಲ್ಕು ಸಲ ನೋಡಿದೆ. ದುಡ್ಡು ಕೊಟ್ಟಿದ್ದರೆ ಒಮ್ಮೆ ನೋಡುತ್ತಿದ್ದೆ, ಹೆಚ್ಚು ಹೊತ್ತು ನಿಲ್ಲುತ್ತಿದ್ದೆ, ಎಲ್ಲವನ್ನೂ ಅರ್ಥಮಾಡಿಕೊಂಡಂತೆ ಮುಖ ಮಾಡುತ್ತಿದ್ದೆ. ಪುಕ್ಕಟೆಯಾದ್ದರಿಂದ ಒಂದು ಸಲ ಬರೀ ಸಿಪಾಯಿಯ ಬೂಟು ನೋಡಿದೆ. ಇನ್ನೊಂದು ಸಲ, ಯುದ್ಧಕಾಲದಲ್ಲಿ ಸೂರು ಕುಸಿದು ಅದು ಚೂರಾಗಿತ್ತು, ಆಮೇಲೆ ಜೋಡಿಸಿದರು ಎಂದು ತಿಳಿದು, ಬೆಸುಗೆ ಕಾಣುತ್ತದೆಯೇ ಎಂದು ಹುಡುಕಿದೆ. ಮತ್ತೊಮ್ಮೆ ಪಕ್ಕದಲ್ಲಿ ನಿಂತ ಶಾಲೆಯ ಮಕ್ಕಳು ಗಾಜಿಗೆ ಮೂಗೊತ್ತಿ ಗುರುಗುಟ್ಟಿದರು. ಆ ಮಕ್ಕಳು ಮತ್ತೆ ಯಾವಾಗ ಬೇಕಾದರೂ ಬರಬಲ್ಲರು ಎಂಬುದೇ ನನ್ನ ಹೊಟ್ಟೆಕಿಚ್ಚು.

ಊರಿಗೆ ಬಂದ ಮೇಲೆ ಅವ್ವನನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿಗೆ ಕರೆದುಕೊಂಡು ಹೋದೆ. ಭಾರತೀಯರಿಗೆ 25 ರೂಪಾಯಿ, ವಿದೇಶಿಯರಿಗೆ 300, ಹದಿನೈದರೊಳಗಿನ ಮಕ್ಕಳಿಗೆ ಇಲ್ಲ. ಅರ್ಧ ಗಂಟೆಯ ದಾರಿಯಾದರೂ ಅವಳು ಅದನ್ನು ನೋಡಿದ್ದು ಅದೇ ಮೊದಲು. ಪೊಳ್ಳಿಲೂರು ಯುದ್ಧದ ಗೋಡೆ ಚಿತ್ರದ ಮುಂದೆ ನಿಂತು ಆನೆ ಎಣಿಸಿದಳು. ಟಿಪ್ಪುವಿನ ಹುಲಿಯನ್ನು ನಾನು ಲಂಡನ್ನಿನಲ್ಲಿ ನೋಡಿದೆ ಎಂದು ಹೇಳಿದೆ.

"ಅಲ್ಲಿ ಟಿಕೆಟ್ ಎಷ್ಟು ಮಗಾ?"

"ಪುಕ್ಕಟೆ ಕಣವ್ವ."

ಅವಳು ಕೈಯಲ್ಲಿದ್ದ 25 ರೂಪಾಯಿಯ ಚೀಟಿಯನ್ನು ತಿರುಗಿಸಿ ನೋಡಿ, ಸೆರಗಿನ ತುದಿಗೆ ಗಂಟು ಹಾಕುತ್ತ ಕೇಳಿದಳು: "ಪುಕ್ಕಟೆ ನೋಡ್ಕೊಂಡು ಬರಕ್ಕೆ ಒಟ್ಟು ಎಷ್ಟಾಯ್ತು?"

ನಾನು ವೀಸಾ ಶುಲ್ಕದಿಂದ ಲೆಕ್ಕ ಶುರುಮಾಡಿದೆ.